ಮಗಳನ್ನು ಗಣಿಯಿಂದ ಬಿಡಿಸಲು ಹೊರಟದ್ದು

ಮಗಳು ಆ ಮಾತು ಹೇಳಿದ್ದು ಫೋರ್-ಓ-ವನ್ ಹೆದ್ದಾರಿಗೆ ಕಾರು ಸೇರಿಸುತ್ತಿದ್ದಾಗ.

ನನ್ನ ಉದ್ಯೋಗ ಡ್ರೈವಿಂಗ್ ಕಲಿಸುವುದು. ಮನೆ ಟೊರಾಂಟೊ ಪಕ್ಕದ ವಿಟ್ಬಿಯಲ್ಲಿ. ಅಲ್ಲಿಂದ ಪಿಕರಿಂಗಿನವರೆಗಿನ ಹೈಸ್ಕೂಲು ಮಕ್ಕಳು, ಹೊಸದಾಗಿ ದೇಶಕ್ಕೆ ಬಂದ ಗಂಡ ಹೆಂಡಿರು, ಊರಿನಲ್ಲಿ ಅರ್ಧ ಆಯುಷ್ಯ ಲಾರಿ ಓಡಿಸಿ ಇಲ್ಲಿ ಮೊದಲ ಟೆಸ್ಟಿನಲ್ಲೇ ಫೇಲಾದವರು, ಎಲ್ಲರ ಪಕ್ಕದಲ್ಲೂ ಕುಳಿತಿದ್ದೇನೆ. ನನ್ನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಅದರ ಮೇಲೆ ಪಾದ ಇಟ್ಟುಕೊಂಡು, ಏನೇ ಆದರೂ ಮುಖ ಬದಲಿಸದೆ ಕೂರುವುದೇ ಈ ಕೆಲಸದ ಗುಟ್ಟು. ಕಲಿಸುವವನು ಹೆದರಿದನೆಂದು ಗೊತ್ತಾದರೆ ಕಲಿಯುವವರು ಸ್ಟಿಯರಿಂಗನ್ನೇ ಬಿಟ್ಟುಬಿಡುತ್ತಾರೆ. ಮಗಳಿಗೆ ಇದು ಚಿಕ್ಕಂದಿನಿಂದ ಗೊತ್ತು. ಹಾಗಾಗಿಯೇ ಸಮಯ ನೋಡಿ ಹೇಳಿದಳು.

"ಪಪ್ಪಾ, ಡೋಂಟ್ ರಿಯಾಕ್ಟ್, ಓಕೆ? ನಾನು ಮೈನಿಂಗ್ ಎಂಜಿನಿಯರಿಂಗ್ ಮಾಡ್ತೇನೆ."

"ಕನ್ನಡಿ ನೋಡು," ಎಂದೆ.

"ನೋಡಿದೆ."

"ಭುಜದ ಮೇಲಿಂದ ಒಮ್ಮೆ ನೋಡು."

"ನೋಡಿದೆ. ನೀವು ಎಂತ ಹೇಳ್ತೀರಿ?"

"ಹಿಂದೆ ಟ್ರಕ್ ಉಂಟು ಅಂತ ಹೇಳ್ತೇನೆ."

ಟ್ರಕ್ಕು ಹೋಯಿತು. ಅವಳು ಬಹಳ ಚೆನ್ನಾಗಿ, ಬೆಣ್ಣೆಗೆ ಚೂರಿ ಹಾಕಿದ ಹಾಗೆ ಹೆದ್ದಾರಿಯೊಳಗೆ ಸೇರಿಕೊಂಡಳು. ಅಷ್ಟು ಚೆನ್ನಾಗಿ ಸೇರಿದವಳನ್ನು ಆ ಕ್ಷಣದಲ್ಲಿ ಬೈಯುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ. ಮುಂದಿನ ಎಕ್ಸಿಟ್ ಕಂಡ ಮೇಲೆ ಕೇಳಿದೆ, "ಮೈನಿಂಗೇ ಎಂತಕ್ಕೆ?"

"ಅಲ್ಲಿ ಲೈನ್ ಇರ್ಲಿಲ್ಲ."

ಟೊರಾಂಟೊದಲ್ಲಿ ಪ್ರತಿ ವರ್ಷ ಯೂನಿವರ್ಸಿಟಿಗಳೆಲ್ಲ ಸೇರಿ ದೊಡ್ಡ ಹಾಲಿನಲ್ಲಿ ಒಂದು ಮೇಳ ಮಾಡುತ್ತಾರೆ. ಹನ್ನೆರಡನೇ ಕ್ಲಾಸಿನ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಕಂಪ್ಯೂಟರ್, ನರ್ಸಿಂಗ್, ಬಿಸಿನೆಸ್ ಎಂದು ಬೋರ್ಡು ಹಾಕಿದ ಟೇಬಲುಗಳ ಮುಂದೆ ತಿರುಪತಿಯ ಸಾಲು. ಒಂದು ಮೂಲೆಯಲ್ಲಿ ಮಾತ್ರ ಒಬ್ಬ ಹೆಂಗಸು ಕಲ್ಲುಗಳನ್ನು ಹರಡಿಕೊಂಡು ಒಬ್ಬಳೇ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳಂತೆ. ಮಗಳು ಕಾಲು ನೋವಿಗೆ ಅಲ್ಲಿ ಹೋಗಿ ಕುಳಿತಳು. ಆ ಹೆಂಗಸು ಕೇಳಿದಳಂತೆ: ಈ ಹಾಲಿನಲ್ಲಿ ನೆಲದಿಂದ ಬಾರದ ವಸ್ತು ಒಂದು ತೋರಿಸು. ಮಗಳು ಕುರ್ಚಿ ಎಂದಳು, ಮೊಳೆ ನೆಲದಿಂದ ಬಂದದ್ದು. ಬಟ್ಟೆ ಎಂದಳು, ಝಿಪ್ಪು ನೆಲದಿಂದ ಬಂದದ್ದು. ಕಡೆಗೆ ಚೀಲದಲ್ಲಿದ್ದ ಸಮೋಸ ತೋರಿಸಿದಳು. ಉಪ್ಪು ಎಲ್ಲಿಯದು, ಈ ದೇಶದಲ್ಲಿ ಅದೂ ಗಣಿಯದೇ ಎಂದು ಹೇಳಿ ಆಕೆ ಅರ್ಧ ಸಮೋಸ ತಿಂದಳಂತೆ. ಇಬ್ಬರೂ ಬಸ್ಸು ಹೊರಡುವವರೆಗೆ ಮಾತಾಡಿದ್ದಾರೆ.

"ಶೀ ಲಿಸನ್ಡ್ ಟು ಮಿ, ಪಪ್ಪಾ," ಎಂದಳು ಮಗಳು. ನಾನೂ ಕೇಳುತ್ತಲೇ ಇದ್ದೆ. ಆದರೆ ನನ್ನ ಕಣ್ಣು ಇಷ್ಟು ಹೊತ್ತೂ ಸ್ಪೀಡೋಮೀಟರಿನ ಮೇಲಿತ್ತು.

ನಮ್ಮ ಮನೆಮಾತು ತುಳು. ಅರ್ಧ ತುಳು, ಅರ್ಧ ಮಂಗಳೂರು ಕನ್ನಡ, ಮಗಳ ಪಾಲಿಗೆ ಮುಕ್ಕಾಲು ಇಂಗ್ಲಿಷು. ಅವತ್ತು ಮನೆಯಲ್ಲಿ ನಡೆದ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಯಾಕೆಂದರೆ ಹೆಂಡತಿ ತುಳುವಿನಲ್ಲಿ ಹೇಳಿದ ಮೊದಲ ವಾಕ್ಯವನ್ನು ಬರೆಯುವ ಹಾಗಿಲ್ಲ. ಎರಡನೆಯದು ಹೀಗಿತ್ತು:

"ವಿಮಾನ ಹತ್ತಿ ಇಷ್ಟು ದೂರ ಬಂದದ್ದು ಮಗಳನ್ನು ನೆಲದ ಅಡಿಗೆ ಕಳಿಸ್ಲಿಕ್ಕಾ?"

ಹೆಂಡತಿ ಪಕ್ಕದ ಊರು ಏಜಾಕ್ಸಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿನಲ್ಲಿ ಕೂರುವವಳು. ಮಗಳು ಹಲ್ಲು ಶುಚಿ ಮಾಡುವ ಹೈಜೀನಿಸ್ಟ್ ಆಗಬೇಕು, ಸಾಧ್ಯವಾದರೆ ಡಾಕ್ಟರೇ ಆಗಬೇಕು ಎಂಬುದು ಅವಳ ಆಸೆ. ಬಿಳಿ ಕೋಟು, ಬಿಸಿ ಕೋಣೆ, ಸಂಜೆಗೆ ಮನೆ.

"ಅಲ್ಲಿಯೂ ಡ್ರಿಲ್ಲಿಂಗೇ ಅಲ್ವಾ ಅಮ್ಮಾ?" ಎಂದಳು ಮಗಳು. "ಸೇಮ್ ಥಿಂಗ್. ಬಾಯಿ ಸಣ್ಣದು, ಅಷ್ಟೇ."

ಆರು ತಿಂಗಳಿಗೆಂದು ಬಂದಿದ್ದ ನನ್ನ ಅತ್ತೆ ಸೋಫಾದ ಮೇಲಿಂದ ಇದನ್ನೆಲ್ಲ ಕೇಳುತ್ತಿದ್ದರು. ಮನೆಯಲ್ಲಿ ಮಗಳ ಪರ ನಿಂತವರು ಅವರೊಬ್ಬರೇ. ಆದರೆ ಅವರ ಕಾರಣ ಬೇರೆ.

"ಗಣಿಯಾ? ಒಳ್ಳೇದು. ಗಣಿ ಧಣಿಗಳಿಗೆ ಹೆಲಿಕಾಪ್ಟರ್ ಇರ್ತದೆ."

"ಅಮ್ಮಾ, ಅವಳು ಧಣಿ ಆಗುದಲ್ಲ. ಎಂಜಿನಿಯರ್ ಆಗುದು."

"ಶುರುವಿಗೆ ಎಂಜಿನಿಯರ್. ಮತ್ತೆ ಧಣಿ. ಮತ್ತೆ ಮಂತ್ರಿ," ಎಂದು ಅತ್ತೆ ಮೊಮ್ಮಗಳ ತಲೆ ಸವರಿದರು. ಕರ್ನಾಟಕದ ಪೇಪರು ಓದಿ ಬೆಳೆದ ಜೀವ. ಅವರಿಗೆ ಗಣಿ ಎನ್ನುವುದು ನೆಲದೊಳಗೆ ಇರುವ ಜಾಗವಲ್ಲ, ವಿಧಾನಸೌಧಕ್ಕೆ ಹೋಗುವ ಒಂದು ದಾರಿ.

ಮಂಗಳೂರಿನಲ್ಲಿರುವ ನನ್ನ ಅಣ್ಣನಿಗೆ ಫೋನು ಮಾಡಿದೆ. ಲೈನು ಕಡಿದು ಕಡಿದು ಬರುತ್ತಿತ್ತು. "ಗಣಿ" ಎಂದು ನಾನು ಹೇಳಿದ್ದು ಅವನಿಗೆ "ಗಣಿತ" ಎಂದು ಕೇಳಿಸಿತು. "ಒಳ್ಳೇದಾಯ್ತು ಮಾರಾಯ, ಹೆಣ್ಣುಮಕ್ಕಳಿಗೆ ಗಣಿತ ಒಳ್ಳೇದು, ಎಲ್ಲಿ ಹೋದ್ರೂ ಲೆಕ್ಚರರ್ ಕೆಲಸ ಸಿಗ್ತದೆ" ಎಂದ. ನಾನು ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಲೈನು ಸತ್ತುಹೋಯಿತು. ಅವನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟ. ಅಭಿನಂದನೆ ಹರಿದು ಬಂತು. ಹೆಂಡತಿ ನನ್ನ ಕೈಹಿಡಿದು, "ಹೀಗೇ ಇರ್ಲಿ. ತಿದ್ದುದು ಬೇಡ" ಎಂದಳು. ಚಿಕ್ಕಮ್ಮನೊಬ್ಬರು ಕುಂದಾಪುರದಿಂದ ವೇದಗಣಿತದ ಪುಸ್ತಕವನ್ನು ಕೊರಿಯರಿನಲ್ಲಿ ಕಳಿಸಿದರು. ಅವರ ಮಟ್ಟಿಗೆ ನನ್ನ ಮಗಳು ಇವತ್ತಿಗೂ ಲೆಕ್ಕದ ವಿದ್ಯಾರ್ಥಿನಿ.

ಪಕ್ಕದ ಮನೆಯ ಪಂಜಾಬಿಯವರು, ಟ್ರಕ್ ಓಡಿಸುವವರು, ಬೇಲಿಯ ಆಚೆಯಿಂದ ಬೇರೆಯೇ ಅರ್ಥ ಮಾಡಿಕೊಂಡರು. "ಮೇರಾ ಭತೀಜಾ ಭೀ ಮೈನಿಂಗ್ ಕರ್ತಾ ಹೈ. ಗ್ಯಾರೇಜ್ ಮೇಂ. ಬಿಟ್‌ಕಾಯಿನ್." ಆಮೇಲೆ ದನಿ ತಗ್ಗಿಸಿ, ಅಣ್ಣನ ಮಗನ ಆ ಕಂಪ್ಯೂಟರುಗಳು ಕರೆಂಟು ತುಂಬಾ ತಿನ್ನುತ್ತವೆ, ಗ್ಯಾರೇಜು ಒಲೆಯ ಹಾಗೆ ಕಾಯುತ್ತದೆ, ಹುಷಾರು ಎಂದು ಎಚ್ಚರಿಸಿದರು. ನನ್ನ ಮಗಳು ಮಾಡಹೊರಟಿರುವುದು ನಿಜವಾಗಿ ನೆಲ ಅಗೆಯುವ ಕೆಲಸ ಎಂದು ಕೇಳಿ ಅವರಿಗೆ ನಂಬಿಕೆ ಬರಲಿಲ್ಲ. "ಅಸಲೀ ವಾಲಾ?" ಎಂದು ಎರಡು ಸಲ ಕೇಳಿದರು.

ಜನವರಿಯಲ್ಲಿ ಅರ್ಜಿಗಳು ಹೋದವು. ಮಗಳು ಹೆಂಡತಿಯ ಮಾತಿಗೆ ನರ್ಸಿಂಗಿಗೂ ಸಿವಿಲ್ಲಿಗೂ ಹಾಕಿದಳು, ತನ್ನ ಮಾತಿಗೆ ಮೈನಿಂಗಿಗೆ ಹಾಕಿದಳು. ಮೊದಲು ಒಪ್ಪಿಗೆ ಬಂದದ್ದು ಮೈನಿಂಗಿನಿಂದ, ಅದೂ ಜೋರಾಗಿ, ಅಭಿನಂದನೆ ಹೇಳುವ ವಿಡಿಯೋ ಸಮೇತ. ಅದರಲ್ಲಿ ಹಳದಿ ಹೆಲ್ಮೆಟ್ಟಿನ ನಾಲ್ಕು ಮಕ್ಕಳು ಕುಣಿಯುತ್ತಿದ್ದರು. ಹೆಂಡತಿ ಅದನ್ನು ನೋಡಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

"ಒಬ್ಬರು ಇದ್ದಾರಲ್ವಾ," ಎಂದಳು. "ಪಿಕರಿಂಗಿನ ಅಂಕಲ್."

ಅವರು ಕೋಲಾರದ ಕಡೆಯವರು. ವಯಸ್ಸು ಎಂಬತ್ತು ದಾಟಿತ್ತು. ಯೌವನದಲ್ಲಿ ಅಲ್ಲಿನ ಚಿನ್ನದ ಗಣಿಯಲ್ಲಿ ಎಂಜಿನಿಯರಾಗಿದ್ದು, ಆಮೇಲೆ ಇಲ್ಲಿಗೆ ಬಂದು ಒಂಟಾರಿಯೋದ ಉತ್ತರದ ಗಣಿಗಳಲ್ಲಿ ಕೂದಲು ನರೆಯುವವರೆಗೆ ದುಡಿದವರು. ಹೆಂಡತಿ ತೀರಿಕೊಂಡ ಮೇಲೆ ಪಿಕರಿಂಗಿನ ಒಂದು ಕಾಂಡೋದ ತುದಿಯ ಅಂತಸ್ತಿನಲ್ಲಿ ಒಬ್ಬರೇ ಇದ್ದರು. "ಇಷ್ಟು ವರ್ಷ ಕೆಳಗಡೆ ಇದ್ದೆ, ಈಗ ಮೇಲಿನ ಪಾಳಿ" ಎನ್ನುತ್ತಿದ್ದರು. ಯುಗಾದಿ, ರಾಜ್ಯೋತ್ಸವದ ಊಟಗಳಲ್ಲಿ ಸಿಗುತ್ತಿದ್ದರು. ಸಿಕ್ಕಾಗಲೆಲ್ಲ ಹಾಲಿನ ಛಾವಣಿ ನೋಡಿ ಯಾವ ಕಂಬಕ್ಕೆ ಎಷ್ಟು ಭಾರ ಬಿದ್ದಿದೆ ಎಂದು ಚಿಂತಿಸುತ್ತಿದ್ದರು.

ಹೆಂಡತಿ ಸ್ಪೀಕರಿನಲ್ಲಿ ಫೋನು ಹಚ್ಚಿದಳು. ಮಗಳು ಶಾಲೆಯಲ್ಲಿದ್ದಳು.

"ಅಂಕಲ್, ನೀವು ಬಂದು ಅವಳನ್ನು ಸ್ವಲ್ಪ ಹೆದರಿಸ್ಬೇಕು."

"ಎಷ್ಟು ಹೆದರಿಸ್ಬೇಕಮ್ಮಾ?"

"ಬೇರೆ ಕೋರ್ಸ್ ತಗೊಳ್ಳುವಷ್ಟು."

"ಆಗತ್ತೆ. ಭಾನುವಾರ ಬರ್ತೀನಿ. ಊಟಕ್ಕೆ ಏನು ಮಾಡ್ತೀಯ?"

ಮಾರ್ಚಿನ ಆ ಭಾನುವಾರ ನಾನೇ ಹೋಗಿ ಅವರನ್ನು ಕರೆತಂದೆ. ಚಳಿಗಾಲವಿಡೀ ಹಿತ್ತಲಿನಲ್ಲಿ ಗುಡ್ಡೆಯಾಗಿ ಕುಳಿತಿದ್ದ ಹಿಮ ಹಿಂದಿನ ದಿನದಿಂದ ಕರಗುತ್ತಿತ್ತು, ಮೇಲಿನಿಂದ ಜಿಟಿಜಿಟಿ ಮಳೆ ಬೇರೆ. ಈ ಕಡೆಯ ಮನೆಗಳ ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಗುಂಡಿ ಇರುತ್ತದೆ. ಮನೆಯ ಸುತ್ತ ಇಂಗಿದ ನೀರೆಲ್ಲ ಅದಕ್ಕೆ ಬಂದು ಸೇರುತ್ತದೆ, ಅದರೊಳಗಿನ ಪಂಪು ನೀರನ್ನು ಎತ್ತಿ ಹೊರಗೆ ಚೆಲ್ಲುತ್ತದೆ. ಅವತ್ತು ಬೆಳಗಿನಿಂದ ಅದು ಗುರ್ರ್ ಗುರ್ರ್ ಎನ್ನುತ್ತಲೇ ಇತ್ತು. ಆ ಶಬ್ದ ನಮಗೆ ಗೋಡೆ ಗಡಿಯಾರದ ಶಬ್ದದ ಹಾಗೆ, ಇದ್ದರೂ ಕೇಳಿಸದು.

ಹಿರಿಯರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಮ್ಮ ಹಳೆಯ ಹೆಲ್ಮೆಟ್ ತಂದಿದ್ದರು. ನೀರುದೋಸೆ, ಕೋಳಿಸಾರು ಬಡಿಸಿದೆವು. ಹೆಂಡತಿ ಪ್ರತಿ ಸಲ ಸಾರು ಹಾಕುವಾಗಲೂ ಕಣ್ಣಲ್ಲೇ "ಶುರು ಮಾಡಿ" ಎನ್ನುತ್ತಿದ್ದಳು. ಅವರು ಶುರು ಮಾಡಿದರು. ಗಣಿಯಲ್ಲಿ ಬೆಕ್ಕಿನಷ್ಟು ದೊಡ್ಡ ಇಲಿಗಳಿರುತ್ತವೆ ಎಂದರು.

"ಸೋ ಕ್ಯೂಟ್," ಎಂದಳು ಮಗಳು.

"ಬುತ್ತಿ ಕದ್ದು ತಿಂತಾವೆ ಕಣಮ್ಮ."

"ಪಾಪ, ಅಲ್ಲಿ ಬೇರೆ ಎಂತ ಸಿಗ್ತದೆ?"

ಸೆಕೆಯ ಬಗ್ಗೆ ಹೇಳಿದರು, ಶಬ್ದದ ಬಗ್ಗೆ ಹೇಳಿದರು, ಗೆಳೆಯನೊಬ್ಬ ಮೇಲಧಿಕಾರಿಯ ಬೂಟಿಗೆ ಉಪ್ಪಿನಕಾಯಿ ತುಂಬಿದ ಕಥೆಗೆ ಬಂದು ತಾವೇ ನಗಲು ಶುರು ಮಾಡಿದರು. ಮಗಳಂತೂ ಹೊಟ್ಟೆ ಹಿಡಿದುಕೊಂಡಿದ್ದಳು. ಹೆಂಡತಿ ಸೌಟನ್ನು ಪಾತ್ರೆಗೆ ಕುಟ್ಟಿದಳು. ಹಿರಿಯರಿಗೆ ಬಂದ ಕೆಲಸ ನೆನಪಾಯಿತು.

"ಬಾಯಲ್ಲಿ ಹೇಳಿದ್ರೆ ಆಗಲ್ಲ," ಎಂದು ಕೈ ತೊಳೆದರು. "ಗಣಿಯ ಮೊದಲನೇ ಪರೀಕ್ಷೆ ಕತ್ತಲೆ. ಪೂರ್ತಿ ಕತ್ತಲೆ ನೀವ್ಯಾರೂ ನೋಡಿಲ್ಲ. ಬೇಸ್‌ಮೆಂಟ್ ಇದೆಯಲ್ಲ?"

ನಮ್ಮ ಮನೆಯಲ್ಲಿ ಮಧ್ಯಾಹ್ನ ಮಲಗುವ ಹೊತ್ತಿಗೆ, ಹೀಗೆ, ಗಣಿ ಕಟ್ಟುವ ಕೆಲಸ ಶುರುವಾಯಿತು. ಎರಡು ಸಣ್ಣ ಕಿಟಕಿಗಳಿಗೆ ಕಪ್ಪು ಕಸದ ಚೀಲ ಅಂಟಿಸಿದೆವು. ಮೆಟ್ಟಿಲ ಬಾಗಿಲ ಸಂದಿಗೆ ಟವೆಲು ತುರುಕಿದೆವು. ದೀಪ ಆರಿಸಿದರೆ ಕತ್ತಲೆಯೇನೋ ಆಯಿತು, ಆದರೆ ಅದರೊಳಗೆ ಚುಕ್ಕಿ ಚುಕ್ಕಿ ಬೆಳಕು: ಇಂಟರ್ನೆಟ್ ಡಬ್ಬದ್ದು ನೀಲಿ, ಫ್ರೀಜರಿನದು ಹಸಿರು, ಟಿವಿಯದು ಕೆಂಪು. ಹಿರಿಯರಿಗೆ ಅದು ಅವಮಾನದಂತೆ ಕಂಡಿತು.

"ಇದೇನು, ದೀಪಾವಳಿನಾ? ಮೇನ್ ಸ್ವಿಚ್ ಆರಿಸಪ್ಪ."

ಫ್ಯೂಸಿನ ಪೆಟ್ಟಿಗೆ ಬೇಸ್‌ಮೆಂಟಿನ ಗೋಡೆಯಲ್ಲೇ ಇತ್ತು. ಇಡೀ ಮನೆಯ ಕರೆಂಟು ಆರಿಸಿದೆ. ಚಾವಣಿಯ ಹೊಗೆ ಅಲಾರಮ್ಮು ಬ್ಯಾಟರಿಯಲ್ಲಿ ಮಿಣುಕುತ್ತಿತ್ತು. ಅದಕ್ಕೆ ನನ್ನದೊಂದು ಕಾಲುಚೀಲ ತೊಡಿಸಿದೆವು. ಫೋನುಗಳನ್ನೆಲ್ಲ ಅಡುಗೆಮನೆಯಲ್ಲಿ ಬಿಟ್ಟು ಬರಬೇಕೆಂದು ಮೊದಲೇ ಅಪ್ಪಣೆಯಾಗಿತ್ತು. ಅತ್ತೆಯೂ "ನಾನೂ ನೋಡ್ತೇನೆ" ಎಂದು ಶಾಲು ಹೊದ್ದು ಬಂದು ಕುಳಿತರು. ಹಿರಿಯರು ತಮ್ಮ ಹೆಲ್ಮೆಟ್ ಹಾಕಿಕೊಂಡರು. ಐದು ಮಡಚುವ ಕುರ್ಚಿ, ಐದು ಜನ.

"ನಾನು ಹೇಳೋ ತನಕ ಯಾರೂ ಏಳಬಾರದು, ಮಾತಾಡಬಾರದು," ಎಂದಿತು ಹಿರಿಯರ ಧ್ವನಿ.

ಅಂಥ ಕತ್ತಲೆಯನ್ನು ನಾನು ನಿಜವಾಗಿಯೂ ಕಂಡಿರಲಿಲ್ಲ. ಕಣ್ಣು ತೆರೆದರೂ ಅದೇ, ಮುಚ್ಚಿದರೂ ಅದೇ. ಸ್ವಲ್ಪ ಹೊತ್ತಿಗೆ ನನ್ನ ಕೈ ಎಲ್ಲಿದೆ ಎನ್ನುವುದೇ ಅನುಮಾನವಾಯಿತು. ಪಕ್ಕದಿಂದ ಒಂದು ಕೈ ಬಂದು ನನ್ನ ಕೈ ಹಿಡಿಯಿತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿ ಹೀಗೆ ಕೈ ಹಿಡಿದಳಲ್ಲ ಎಂದು ಮನಸ್ಸು ತುಂಬಿ ಬಂತು. ಬೆರಳು ಸವರಿದೆ. ಆಗ ಹೆಂಡತಿಯ ಕೆಮ್ಮು ಎದುರು ಸಾಲಿನಿಂದ ಕೇಳಿಸಿತು. ನಾನು ಹಿಡಿದುಕೊಂಡಿದ್ದು ಹಿರಿಯರ ಕೈ. ಬಿಡಿಸಿಕೊಳ್ಳುವುದು ಮರ್ಯಾದೆಯಲ್ಲ ಎಂದು ಹಾಗೇ ಬಿಟ್ಟೆ.

ಆಮೇಲೆ ಗೊರಕೆ ಕೇಳಿಸಿತು. ಮೊದಲು ಅತ್ತೆಯದು ಎಂದುಕೊಂಡೆ. ಅತ್ತೆಯದೂ ಇತ್ತು. ಆದರೆ ಅದರ ಜೊತೆಗೆ, ಅದಕ್ಕಿಂತ ದಪ್ಪಗೆ, ನನ್ನ ಕೈ ಹಿಡಿದವರದು. ಬೆದರಿಸಲು ಬಂದವರು ನಿದ್ದೆ ಹೋಗಿದ್ದರು.

ಈಗ ಏನು ಮಾಡಬೇಕು? ಅವರು ಹೇಳುವ ತನಕ ಏಳಬಾರದು. ಅವರು ಹೇಳುವ ಸ್ಥಿತಿಯಲ್ಲಿಲ್ಲ. ಊಟಕ್ಕೆ ಕರೆದ ಹಿರಿಯರನ್ನು, ಅದೂ ಎಂಬತ್ತು ದಾಟಿದವರನ್ನು, ನಿದ್ದೆಯಿಂದ ಎಬ್ಬಿಸುವುದು ನಮ್ಮ ಕಡೆ ಪದ್ಧತಿಯಲ್ಲ. ಹೆಂಡತಿಯೂ ಇದನ್ನೇ ಯೋಚಿಸುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಹೀಗೆ ನಾವು ಮೂವರು ಎಚ್ಚರವಿದ್ದವರು, ಕೆನಡಾದ ಒಂದು ಭಾನುವಾರದ ಹಾಡುಹಗಲಿನಲ್ಲಿ, ನಮ್ಮದೇ ಮನೆಯಲ್ಲಿ ಕರೆಂಟು ಆರಿಸಿಕೊಂಡು, ಇಬ್ಬರು ಮುದುಕರ ಗೊರಕೆಗೆ ಗೌರವ ಕೊಟ್ಟು ಕುಳಿತೆವು.

"ಪಪ್ಪಾ," ಎಂದು ಮಗಳು ಪಿಸುಗುಟ್ಟಿದಳು. "ಭಯ ಆಗ್ತದಾ?"

"ಇಲ್ಲ. ನಿನಗೆ?"

"ನೋ. ಇಟ್ಸ್ ಕೈಂಡ್ ಆಫ್ ನೈಸ್. ಯಾರಿಗೂ ನಾನು ಕಾಣುದಿಲ್ಲ." ಆಮೇಲೆ ಹೇಳಿದಳು, "ಶಾಲೆಯಲ್ಲಿ ಎಲ್ಲರೂ ನೋಡ್ತಾನೇ ಇರ್ತಾರೆ."

ಯಾರು ನೋಡುತ್ತಾರೆ, ಯಾಕೆ ನೋಡುತ್ತಾರೆ ಎಂದು ಕೇಳಬೇಕೆನಿಸಿತು. ಕತ್ತಲೆಯಾದ್ದರಿಂದ ಕೇಳಬಹುದಿತ್ತು ಕೂಡ. ಅಷ್ಟರಲ್ಲಿ ಅವಳೇ, "ಪಪ್ಪಾ, ನನ್ನ ಸಾಕ್ಸ್ ಒದ್ದೆ ಆಗಿದೆ," ಎಂದಳು.

ನಾನು ಕುರ್ಚಿಯ ಅಡ್ಡಕಂಬಿಯ ಮೇಲಿಟ್ಟಿದ್ದ ಕಾಲನ್ನು ಕೆಳಗಿಟ್ಟೆ. ಪಾದಕ್ಕೆ ತಣ್ಣಗೆ ತಗುಲಿತು. ಆಗ ಹೊಳೆಯಿತು, ಇಷ್ಟು ಹೊತ್ತೂ ಆ ಗುರ್ರ್ ಶಬ್ದ ಇರಲಿಲ್ಲ. ಮನೆಯ ಕರೆಂಟು ಆರಿಸಿದಾಗ ಪಂಪಿನ ಕರೆಂಟೂ ಆರಿತ್ತು. ಚಳಿಗಾಲದ ಹಿಮವೆಲ್ಲ ಕರಗಿ ನಮ್ಮ ಗುಂಡಿಗೆ ಬಂದು, ಗುಂಡಿ ತುಂಬಿ, ಕಾರ್ಪೆಟ್ಟಿನ ಮೇಲೆ ಹರಿದು ನಮ್ಮ ಕುರ್ಚಿಗಳ ಕೆಳಗೆ ಕುಳಿತಿತ್ತು.

"ನೀರು!" ಎಂದೆ.

ಗೊರಕೆ ಕತ್ತರಿಸಿದಂತೆ ನಿಂತಿತು. "ಯಾವ ಲೆವೆಲ್‌ನಲ್ಲಿ?" ಎಂದು ಹಿರಿಯರು ಎದ್ದು ನಿಂತರು. ಅವರು ಎಚ್ಚರವಾದದ್ದು ವಿಟ್ಬಿಯಲ್ಲಲ್ಲ ಎಂದು ಕಾಣುತ್ತದೆ. "ಕೇಜ್ ಕರೆಸ್ರಿ! ಹೆಂಗಸರನ್ನ ಮೊದಲು ಕಳಿಸ್ರಿ!"

ಹೆಂಡತಿ ಗಣಿಯ ಲಿಫ್ಟಿಗೆ ಕಾಯಲಿಲ್ಲ. "ಮೇನ್ ಸ್ವಿಚ್ ಹಾಕ್ತೇನೆ" ಎನ್ನುತ್ತ ಕತ್ತಲಲ್ಲೇ ಪೆಟ್ಟಿಗೆಯ ಕಡೆಗೆ ಚಪಚಪ ನಡೆದ ಸದ್ದು ಕೇಳಿಸಿತು.

"ಅಮ್ಮಾ, ನಿಲ್ಲು!"

ಮಗಳ ಆ ಸ್ವರ ನಾನು ಹಿಂದೆ ಕೇಳಿರಲಿಲ್ಲ. ಗಟ್ಟಿಯಾಗಿರಲಿಲ್ಲ, ಆದರೆ ಎಲ್ಲರ ಕಾಲೂ ನಿಂತಿತು.

"ಅದನ್ನು ಮುಟ್ಟಬೇಡ. ನೀನು ನೀರಲ್ಲಿ ನಿಂತಿದ್ದೀ. ಪಪ್ಪಾ, ಕಿಟಕಿಯ ಪ್ಲಾಸ್ಟಿಕ್ ತೆಗೀರಿ. ಅಜ್ಜಿಯನ್ನು ಮೇಲೆ ಕರ್ಕೊಂಡು ಹೋಗಿ. ಆಮೇಲೆ ಪಾತ್ರೆ ತನ್ನಿ. ಎವ್ರಿಥಿಂಗ್ ವಿ ಹ್ಯಾವ್."

ಕಪ್ಪು ಚೀಲ ಕಿತ್ತೆ. ಮೋಡದ ಬೆಳಕು ಒಳಗೆ ಬಂತು. ನೀರು ಪಾದ ಮುಳುಗುವಷ್ಟು ಇತ್ತು, ಅದರ ಮೇಲೆ ಅತ್ತೆಯ ಒಂದು ಚಪ್ಪಲಿ ತೇಲುತ್ತ ಫ್ರೀಜರಿನ ಕಡೆಗೆ ಹೊರಟಿತ್ತು. ಅತ್ತೆಯನ್ನು ಎಬ್ಬಿಸಿದಾಗ ಅವರು ಹೇಳಿದ ಮೊದಲ ಮಾತು, "ಎಂಥ ಒಳ್ಳೆ ನಿದ್ದೆ ಮಾರಾಯ್ರೆ. ಈ ದೇಶಕ್ಕೆ ಬಂದ ಮೇಲೆ ಇಂಥ ನಿದ್ದೆ ಬಂದದ್ದೇ ಇಲ್ಲ."

ನಾವು ಸಾಲಾಗಿ ನಿಂತೆವು. ಗುಂಡಿಯ ಬಳಿ ಮಗಳು, ಮೆಟ್ಟಿಲ ಕೆಳಗೆ ಹೆಂಡತಿ, ಮೇಲೆ ನಾನು. ಪ್ರೆಶರ್ ಕುಕ್ಕರು, ಪಾಯಸದ ಪಾತ್ರೆ, ಗಿಡಕ್ಕೆ ನೀರು ಹಾಕುವ ಬಕೆಟು, ನಗರಸಭೆಯ ನೀಲಿ ಕಸದ ಡಬ್ಬ. ನೀರು ತುಂಬಿ ಮೇಲೆ ಬರುವುದು, ನಾನು ಮುಂಬಾಗಿಲಿನಿಂದ ರಸ್ತೆಗೆ ಎರಚುವುದು. ಹಿರಿಯರಿಗೆ ಕುರ್ಚಿಯಲ್ಲೇ ಕೂರಿ ಎಂದರೆ ಕೇಳಲಿಲ್ಲ. ತಲೆಯ ಹೆಲ್ಮೆಟ್ ತೆಗೆದು ಅದರಲ್ಲೇ ನೀರು ಮೊಗೆದು ಹೆಂಡತಿಯ ಕೈಗೆ ಕೊಡತೊಡಗಿದರು. ಅವರ ವಯಸ್ಸಿನಲ್ಲಿ ಅರ್ಧ ಕರಗಿಹೋಗಿತ್ತು.

"ನೆಲದ ಮೇಲಿಂದ ಮೊಗೀಬೇಡಿ ಅಂಕಲ್," ಎಂದಳು ಮಗಳು. "ಗುಂಡಿಯಿಂದ ತೆಗೆದ್ರೆ ಉಳಿದದ್ದು ತಾನೇ ಇಲ್ಲಿಗೆ ಬರ್ತದೆ. ಅಮ್ಮಾ, ಫುಲ್ ತುಂಬಿಸಬೇಡ, ಮೆಟ್ಟಿಲಲ್ಲಿ ಜಾರ್ತೀ. ಅರ್ಧ ಸಾಕು."

"ಎಸ್ ಬಾಸ್," ಎಂದರು ಹಿರಿಯರು, ತಮಾಷೆಗಲ್ಲ.

ಪಕ್ಕದ ಮನೆಯ ಪಂಜಾಬಿಯವರು ಹೊರಗೆ ಬಂದಾಗ ನಾನು ಮಳೆಯಲ್ಲಿ ಬರಿಗಾಲಲ್ಲಿ ನಿಂತು ಕುಕ್ಕರಿನಿಂದ ಡ್ರೈವ್‌ವೇಗೆ ನೀರು ಸುರಿಯುತ್ತಿದ್ದೆ.

"ಭಾಯಿಸಾಬ್, ಯೆ ಕ್ಯಾ?"

"ಮೈನಿಂಗ್," ಎಂದೆ. ಬೇರೆ ಮಾತು ಬಾಯಿಗೆ ಬರಲಿಲ್ಲ.

ಅವರು ಒಂದು ಕ್ಷಣ ನನ್ನನ್ನು ನೋಡಿದರು. "ಅಸಲೀ ವಾಲಾ," ಎಂದು ತಲೆಯಾಡಿಸಿ ಗ್ಯಾರೇಜಿಗೆ ಹೋಗಿ ಜನರೇಟರ್ ಎಳೆದು ತಂದರು. ಉದ್ದದ ವೈರು ಕಿಟಕಿಯಿಂದ ಇಳಿಯಿತು. ಮಗಳು ಒಣ ಮೆಟ್ಟಿಲ ಮೇಲೆ ನಿಂತು, ಬೂಟು ಹಾಕಿಕೊಂಡು, ವೈರಿನ ಜೋಡಣೆ ನೀರಿಗೆ ತಾಗದಂತೆ ಮೇಲೆ ಕಟ್ಟಿಸಿ, ಪಂಪಿಗೆ ಜೀವ ಕೊಟ್ಟಳು. ಗುರ್ರ್ ಎಂದಿತು. ಒಂದು ಪಂಪಿನ ಶಬ್ದಕ್ಕೆ ಅಷ್ಟು ಜನ ಚಪ್ಪಾಳೆ ತಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆ ಎಲ್ಲರೂ ಒಣ ಬಟ್ಟೆ ಉಟ್ಟು ಅಡುಗೆಮನೆಯಲ್ಲಿ ಕುಳಿತೆವು. ಹಿರಿಯರಿಗೆ ನನ್ನ ಪೈಜಾಮ ಕೊಟ್ಟಿದ್ದೆ, ಅದು ಅವರಿಗೆ ಮೊಣಕಾಲಿನವರೆಗೆ ಬಂದಿತ್ತು. ಮಗಳು ಮೇಲೆ ಸ್ನಾನಕ್ಕೆ ಹೋದದ್ದೇ ತಡ, ಹೆಂಡತಿ ಚಹಾದ ಲೋಟವನ್ನು ಅವರ ಮುಂದೆ ತುಸು ಜೋರಾಗಿಯೇ ಇಟ್ಟಳು.

"ನಿಮ್ಮನ್ನು ಕರೆದದ್ದು ಹೆದರಿಸ್ಲಿಕ್ಕೆ ಅಂಕಲ್."

"ಹೆದರಿಸಿದೆನಲ್ಲಮ್ಮ."

"ಯಾರನ್ನು?"

"ನೀನು ಹೆದರಿದೆ. ನಿನ್ನ ಯಜಮಾನರು ಹೆದರಿದ್ರು. ನಾನೂ ಹೆದರಿದೆ, ಸುಳ್ಳು ಯಾಕೆ ಹೇಳಲಿ. ಅವಳು ಹೆದರಲಿಲ್ಲ. ನಾನೇನು ಮಾಡಲಿ?" ಅವರು ಲೋಟ ಎತ್ತಿಕೊಂಡು ಊದಿದರು. "ಆ ಪೆಟ್ಟಿಗೆ ಹತ್ರ ನಿನ್ನನ್ನ ನಿಲ್ಲಿಸಿದಳಲ್ಲ, ಅದನ್ನ ನಾನು ಹೇಳಿಕೊಡಬೇಕಾಗಿತ್ತು. ನನಗೆ ಹೊಳೀಲಿಲ್ಲ. ಕೇಜ್ ಕರೀತಾ ಇದ್ದೆ."

ಅವರನ್ನು ಪಿಕರಿಂಗಿಗೆ ಬಿಟ್ಟು ನಾನು ವಾಪಸು ಬಂದಾಗ ಹೆಂಡತಿ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕುಳಿತು ಒದ್ದೆ ಕಾರ್ಪೆಟ್ಟನ್ನು ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ಕುಳಿತೆ.

"ನಿಲ್ಲು ಅಂದಳು," ಎಂದಳು. "ನನಗೆ. ನಾನು ನಿಂತೆ, ಅಲ್ವಾ?"

"ನಿಂತೆ."

"ನನ್ನ ಅಮ್ಮ ಹೇಳಿದ್ರೂ ನಾನು ಹಾಗೆ ನಿಲ್ಲುದಿಲ್ಲ." ಮತ್ತೆ, "ಹಲ್ಲು ತೊಳೀಲಿಕ್ಕೆ ಇಂಥವಳು ಯಾಕೆ," ಎಂದು ತನಗೆ ತಾನೇ ಹೇಳಿಕೊಂಡಳು. ಅದು ಒಪ್ಪಿಗೆಯೋ ಸಿಟ್ಟೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಕಾರ್ಪೆಟ್ಟು ಹೋಯಿತು. ಅತ್ತೆ ಊರಿಗೆ ಹೊರಡುವವರೆಗೆ ಮಧ್ಯಾಹ್ನದ ನಿದ್ದೆಗೆ ಬೇಸ್‌ಮೆಂಟೇ ಬೇಕೆಂದು ಹಟ ಹಿಡಿದರು. ಕಪ್ಪು ಚೀಲಗಳನ್ನು ಮತ್ತೆ ಅಂಟಿಸಬೇಕಾಯಿತು. ಮೇ ತಿಂಗಳಿನಲ್ಲಿ ಮಗಳು ಮೈನಿಂಗಿಗೆ ಸೇರುತ್ತೇನೆಂದು ಉತ್ತರ ಬರೆದಳು. ಕಳಿಸುವ ಮೊದಲು ಲ್ಯಾಪ್‌ಟಾಪನ್ನು ಅಮ್ಮನ ಮುಂದೆ ಹಿಡಿದಳು. ಹೆಂಡತಿ ಕೈ ಒರೆಸಿಕೊಂಡು ಬಂದು ಓದಿದಳು. ಸ್ಪೆಲ್ಲಿಂಗು ಒಂದು ತಪ್ಪಾಗಿದೆ ಎಂದು ತೋರಿಸಿ ಹೊರಟುಹೋದಳು.

ಈಗ ಮಗಳು ಎರಡನೇ ವರ್ಷ ಮುಗಿಸಿದ್ದಾಳೆ. ಈ ಬೇಸಿಗೆಯಲ್ಲಿ ಉತ್ತರದ ಒಂದು ಗಣಿಯಲ್ಲಿ ಕೆಲಸ ಕಲಿಯಲು ಹೋಗಿದ್ದಳು. ಅಲ್ಲಿ ಕೆಲಸಗಾರರ ಮನೆಯವರಿಗೆಂದು ಒಂದು ದಿನ ಇಟ್ಟಿದ್ದರು. ಬಂದವರನ್ನು ಕೆಳಗೆ ಕರೆದೊಯ್ದು ತೋರಿಸುತ್ತಾರಂತೆ. ನಾನೂ ಹೆಂಡತಿಯೂ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವಳು, ನಾನು ಮೇಲೆಯೇ ಕೂರ್ತೇನೆ, ನೀವು ಹೋಗಿ ಬನ್ನಿ ಎನ್ನುತ್ತಿದ್ದಳು.

ಅಲ್ಲಿ ನಮಗೆ ಬೂಟು, ಮೇಲಂಗಿ, ಹೆಲ್ಮೆಟ್, ದೀಪ ಎಲ್ಲ ಕೊಟ್ಟರು. ಮಗಳು ಅಮ್ಮನ ಬೆಲ್ಟು ಬಿಗಿದಳು, ನಾಲ್ಕು ಸಲ ಎಳೆದು ನೋಡಿದಳು. ಕೇಜು ಎಂದರೆ ಜಾಲರಿಯ ಲಿಫ್ಟು. ಹೆಂಡತಿ ಕಣ್ಣು ಮುಚ್ಚಿಕೊಂಡೇ ಅದರೊಳಗೆ ಕಾಲಿಟ್ಟಳು. ಇಳಿಯಿತು, ಇಳಿಯಿತು, ಕಿವಿ ಕಟ್ಟಿತು, ಮತ್ತೂ ಇಳಿಯಿತು. ನಾನು ಅಭ್ಯಾಸಬಲದಿಂದ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದಿದ್ದೆ.

ಕೆಳಗೆ ಬಾಗಿಲು ತೆರೆದಾಗ ಮುಖಕ್ಕೆ ಬಡಿದದ್ದು ಸೆಕೆ. ಆಳಕ್ಕೆ ಹೋದಷ್ಟೂ ಕಲ್ಲು ಬಿಸಿಯಾಗಿರುತ್ತದೆ ಎಂದು ಮಗಳು ವಿವರಿಸತೊಡಗಿದಳು. ಹೆಂಡತಿ ಕೇಳಿಸಿಕೊಳ್ಳುತ್ತಿರಲಿಲ್ಲ. ಮೊದಲು ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಉಸಿರು ಎಳೆದುಕೊಂಡಳು. ಕುತ್ತಿಗೆಯ ಬಳಿ ಬೆವರು ಮೂಡಿತ್ತು. ಕೈಗವಸು ತೆಗೆದು ಅಂಗೈಯನ್ನು ಕಲ್ಲಿನ ಗೋಡೆಗೆ ಒತ್ತಿ ಹಿಡಿದಳು, ಜ್ವರ ನೋಡುವ ಹಾಗೆ.

"ಏಪ್ರಿಲ್ ತಿಂಗಳ ಮಂಗಳೂರು," ಎಂದಳು. "ಹಾಗೇ ಉಂಟು ಮಾರಾಯ್ರೆ, ನೀವ್ಯಾಕೆ ನನಗೆ ಮೊದಲೇ ಹೇಳ್ಲಿಲ್ಲ?"

ನಮ್ಮನ್ನು ಕರೆತಂದಿದ್ದ ದಪ್ಪ ಮೀಸೆಯ ಅಧಿಕಾರಿ ಆಕೆಗೇನೋ ಸಂದೇಹವಿದೆ ಎಂದುಕೊಂಡು ಹತ್ತಿರ ಬಂದ. ಕೇಳಿ, ಏನು ಬೇಕಾದರೂ ಕೇಳಿ ಎಂದ. ಹೆಂಡತಿ ಮಗಳ ಕಡೆ ತಿರುಗಿ, ಅವನಿಗೆ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳು ಎಂದು ಮೊದಲೇ ತಾಕೀತು ಮಾಡಿ, ಪ್ರಶ್ನೆ ಕೇಳಿದಳು:

"ರಾತ್ರಿ ಒಂದು ಪಾತ್ರೆ ಇಡ್ಲಿಹಿಟ್ಟು ಇಲ್ಲಿ ಇಟ್ಟು ಹೋದ್ರೆ ಬೆಳಿಗ್ಗೆ ಹುಳಿ ಬಂದಿರ್ತದಲ್ವಾ? ಮನೆಯಲ್ಲಿ ಚಳಿಗಾಲದಲ್ಲಿ ಎರಡು ದಿನ ಆದ್ರೂ ಬರುದಿಲ್ಲ. ಯಾರದ್ದಾದ್ರೂ ಅಭ್ಯಂತರ ಉಂಟಾ ಕೇಳು."

ಮಗಳು ಹೆಲ್ಮೆಟ್ಟಿನ ದೀಪ ಕೆಳಗೆ ಮಾಡಿ, ಒಮ್ಮೆ ಗಂಟಲು ಸರಿಮಾಡಿಕೊಂಡು, ಅನುವಾದ ಶುರು ಮಾಡಿದಳು. ಮೀಸೆಯ ಅಧಿಕಾರಿ ಗಂಭೀರವಾಗಿ ಪೂರ್ತಿ ಕೇಳಿ, ಪಾತ್ರೆಯ ಅಳತೆ ಎಷ್ಟು ಎಂದು ವಿಚಾರಿಸಿದ.